ನಮ್ಮ ಮಕ್ಕಳ ಶಾಲೆ: ಕ್ಷೇಮವೂ ಶಿಸ್ತೂ
(ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಎಂಟು ದಿನಗಳ ಹಿಂದೆ ನಿಮ್ಮಲ್ಲಿ ಹತ್ತಾರು ಜನರು ಒಂದು ಅರ್ಜಿಯನ್ನು ಹಿಡಿದುಕೊಂಡು ನಮ್ಮ ಕಚೇರಿಗೆ ಬಂದಿದ್ದಿರಿ. ಅದನ್ನು ಕಾಯದೆಯ ಭಾಷೆಯಲ್ಲಿ ಬರೆದು ಮೇಲಧಿಕಾರಿಗಳಿಗೆ ಕಳಿಸಿಕೊಡಬೇಕೆಂಬದು ನಿಮ್ಮ ಅಪೇಕ್ಷೆಯಾಗಿತ್ತು. ನಾವು ಅದನ್ನು ಪೂರ್ತಿಯಾಗಿ ಓದಿ, ಇದ್ದಕ್ಕಿದ್ದ ಹಾಗೆ ಇದನ್ನು ಬರೆದುಕೊಡಲಾರೆವೆಂದು ಹೇಳಿದೆವು. ಕೆಲವರಿಗೆ ಸಿಟ್ಟು ಬಂದಿತು. ಫೀ ಇಲ್ಲದ ಕೆಲಸಕ್ಕೆ ವಕೀಲರು ಹೀಗೆಯೇ ಎಂದು ಒಬ್ಬರು ಮೆಟ್ಟಲಿಳಿಯುತ್ತ ಅಂದ ಮಾತು ನಮ್ಮ ಕಿವಿಗೂ ಬಿದ್ದಿತು. ಅವರು ಈಗ ಎರಡನೆಯ ಸಾಲಿನಲ್ಲಿಯೇ ಕುಳಿತಿದ್ದಾರೆ; ಬಂದದ್ದು ಸಂತೋಷ. ಅಂದು ಏಕೆ ಒಲ್ಲೆವೆಂದೆವೆಂಬದನ್ನು ಹೇಳುವದಕ್ಕೇ ಇಂದು ಎದ್ದು ನಿಂತಿದ್ದೇವೆ.

ಅರ್ಜಿಯಲ್ಲಿ ನಾಲ್ಕು ಕಲಮುಗಳಿವೆ. ಶಾಲೆಯ ಆವರಣದ ಗೋಡೆ ಬಿದ್ದು ಎರಡು ಮಳೆಗಾಲಗಳಾದವು, ಹುಡುಗರು ಚೆಂಡಿನ ಬೆನ್ನು ಹತ್ತಿ ಲಾರಿ ಓಡಾಡುವ ರಸ್ತೆಗೇ ಓಡುತ್ತಾರೆ, ಹುಡುಗಿಯರ ಶೌಚಗೃಹಕ್ಕೆ ಅಗುಳಿ ಇಲ್ಲ ಎಂಬದು ಮೊದಲನೆಯದು. ಮಧ್ಯಾಹ್ನದ ಬಿಡುವಿನಲ್ಲಿ ನೀರಿನ ಟಾಕಿಯ ಹಿಂದೆ ದೊಡ್ಡ ಹುಡುಗರು ಆರನೆಯ ಇಯತ್ತೆಯ ಚಿಕ್ಕವರನ್ನು ಹಿಡಿದು ಹೊಡೆಯುತ್ತಾರೆ, ಕಿಸೆಯೊಳಗಿನ ದುಡ್ಡು ಕಸಿಯುತ್ತಾರೆ ಎಂಬದು ಎರಡನೆಯದು. ಆ ಮೂವರು ಹುಡುಗರ ಹೆಸರು ತೆಗೆದುಹಾಕಿ ಅವರನ್ನು ಹೊರಗಟ್ಟಬೇಕೆಂಬದು ಮೂರನೆಯದು. ಹಿಂದಿನ ಕಾಲದಂತೆ ಮಾಸ್ತರರ ಕೈಗೆ ಬೆತ್ತ ಕೊಡಬೇಕು, ಅದಕ್ಕೆ ಪಾಲಕರಾದ ನಾವೆಲ್ಲರೂ ಸಹಿ ಮಾಡಿ ಸಮ್ಮತಿ ಕೊಡುತ್ತೇವೆ ಎಂಬದು ನಾಲ್ಕನೆಯದು.

ಮೊದಲಿನ ಎರಡು ಕಲಮುಗಳಿಗೆ ನಮ್ಮ ಸಹಿ ಇಂದೇ ಇದೆ. ಉಳಿದೆರಡಕ್ಕೆ ನಾವು ಬದ್ಧ ವಿರೋಧಿಗಳು. ಈ ವಿರೋಧ ನಮಗೆ ಪುಸ್ತಕದಿಂದ ಬಂದದ್ದಲ್ಲ, ಮನೆಯಲ್ಲಿಯೇ ಕಲಿತದ್ದು. ಹೇಳಿಕೊಳ್ಳಲು ನಾಚಿಕೆಯ ಸಂಗತಿಯಾದರೂ ಹೇಳುತ್ತೇವೆ.

ನಮ್ಮ ಹಿರಿಯ ಮಗನು ಏಳನೆಯ ಇಯತ್ತೆಯಲ್ಲಿದ್ದಾಗ ನಾವು ಅವನ ಶಾಲೆಗೆ ಹೋಗಿ, ನಾಲ್ಕು ಜನರೆದುರು, ‘ಮಾಸ್ತರರೇ, ಇವನ ಕಣ್ಣು ಕಿವಿ ಬಿಟ್ಟು ಉಳಿದದ್ದೆಲ್ಲ ನಿಮ್ಮದು’ ಎಂದು ಹೇಳಿ ಬಂದಿದ್ದೆವು. ನಮ್ಮ ತಂದೆಯವರು ನಮ್ಮ ವಿಷಯದಲ್ಲಿ ಹೇಳಿದ ಮಾತೇ ಅದು. ನಿಮ್ಮಲ್ಲಿ ಬಹು ಜನರ ತಂದೆಗಳೂ ಹೇಳಿರಬಹುದು. ಮಾಸ್ತರರು ನಕ್ಕರು, ನಾವೂ ನಕ್ಕೆವು. ಹುಡುಗನೊಬ್ಬನೇ ನಗಲಿಲ್ಲವೆಂಬದು ನಮಗೆ ಆಮೇಲೆ ನೆನಪಾಯಿತು. ಮುಂದೆ ಎರಡು ತಿಂಗಳಿಗೆ ಒಂದು ದಿನ ಅವನು ಎಡಗೈಯನ್ನು ಅಂಗಿಯ ಒಳಗಿಟ್ಟುಕೊಂಡು ಮನೆಗೆ ಬಂದನು. ಕೇಳಿದರೆ, ಏನೂ ಇಲ್ಲ. ರಾತ್ರಿ ಊಟಕ್ಕೆ ಹಸಿವಿಲ್ಲವೆಂದನು. ಮರುದಿನವೂ ಹಾಗೆಯೇ ಶಾಲೆಗೆ ಹೋಗಿ ಬಂದನು. ಮೂರನೆಯ ದಿನ ಅವನ ತಾಯಿ ಸ್ನಾನಕ್ಕೆಂದು ಅಂಗಿ ಕಳಚಿಸಿದಾಗ ಮಣಿಕಟ್ಟು ಬಾತು ನೀಲಿಗಟ್ಟಿತ್ತು. ಎಲುಬು ಮುರಿದಿತ್ತು. ದೊಡ್ಡ ಹುಡುಗರು ಕಟ್ಟೆಯ ಮೇಲಿಂದ ನೂಕಿದ್ದರು. ಮಾಸ್ತರರಿಗೆ ಏಕೆ ಹೇಳಲಿಲ್ಲವೆಂದು ಕೇಳಿದೆವು. ‘ಕಟ್ಟೆ ಹತ್ತಿದ್ದಕ್ಕೆ ಮೊದಲು ನನಗೇ ಹೊಡೆಯುತ್ತಿದ್ದರು’ ಎಂದನು. ನಮಗೆ ಏಕೆ ಹೇಳಲಿಲ್ಲವೆಂದು ಕೇಳಿದೆವು. ಅದಕ್ಕೆ ಅವನು ಉತ್ತರ ಕೊಡಲಿಲ್ಲ. ಕೊಡುವ ಕಾರಣವೂ ಇರಲಿಲ್ಲ. ಆ ಮಾಸ್ತರರನ್ನು ನಾವು ದೂರುವದಿಲ್ಲ. ಅವರ ಕೈಗೆ ಬೆತ್ತ ಕೊಟ್ಟು ಬಂದವರು ನಾವು.

ಬಂಧುಗಳೇ, ಕ್ಷೇಮ ಬೇರೆ, ಶಿಸ್ತು ಬೇರೆ, ಎರಡನ್ನೂ ಬೇರೆ ಬೇರೆ ಅಂಗಡಿಯಲ್ಲಿ ಕೊಂಡು ತರಬಹುದು ಎಂದು ನಿಮ್ಮ ಅರ್ಜಿ ತಿಳಿದಂತಿದೆ. ನೀರಿನ ಟಾಕಿಯ ಹಿಂದೆ ನಡೆಯುವದು ನಿಮಗೆ ಇಷ್ಟು ತಡವಾಗಿ ತಿಳಿದದ್ದೇಕೆ? ಜೂನದಿಂದ ನಡೆದದ್ದು ನವೆಂಬರದಲ್ಲಿ ಹೊರಬಿದ್ದಿತು. ಐದು ತಿಂಗಳು ಇಪ್ಪತ್ತು ಮೂವತ್ತು ಹುಡುಗರು ಬಾಯಿ ಮುಚ್ಚಿಕೊಂಡಿದ್ದರು. ಹೊಡೆಯುವ ಹುಡುಗರಿಗೆ ಅಂಜಿ ಮಾತ್ರ ಅವರು ಸುಮ್ಮನಿದ್ದರೆಂದು ನಾವು ನಂಬುವದಿಲ್ಲ. ದೂರು ಹೇಳಹೋದವನಿಗೂ ಎರಡು ಬೀಳುವವೆಂಬ ಅನುಭವ ಅವರಿಗಿದ್ದಿತು. ಹನ್ನೊಂದರಿಂದ ಹದಿನಾಲ್ಕರ ಈ ವಯಸ್ಸೇ ಅಂಥದು: ತಾಯಿಯ ಸೆರಗು ಹಿಡಿದು ಅಳಲು ನಾಚಿಕೆ, ಎದುರು ನಿಂತು ಹೇಳಲು ಧೈರ್ಯ ಸಾಲದು. ಇಂಥ ಹುಡುಗನ ಬಾಯಿ ತೆರೆಯಿಸುವದೇ ಕಷ್ಟ. ಅದರ ಮೇಲೆ ಬೆತ್ತವನ್ನೂ ತೋರಿಸಿದರೆ ಮುಗಿದೇ ಹೋಯಿತು.

ಮಾತು ಕೇಳುವ ಮಕ್ಕಳು ಕ್ಷೇಮವಾಗಿರುತ್ತಾರೆಂದು ನಾವೆಲ್ಲರೂ ತಿಳಿದಿದ್ದೇವೆ. 2013ನೆಯ ಇಸವಿಯ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡಿಗೆಯಲ್ಲಿ ಹೊಲಕ್ಕೆ ಹೊಡೆಯುವ ಕೀಟನಾಶಕ ಬೆರೆತಿತ್ತು. ಎಣ್ಣೆಯ ಬಣ್ಣ ಬೇರೆಯಿದೆಯೆಂದು ಅಡಿಗೆಯವಳು ಹೇಳಿದ್ದಳು, ರುಚಿ ಕೆಟ್ಟಿದೆಯೆಂದು ಮಕ್ಕಳೂ ಹೇಳಿದ್ದರು ಎಂದು ಆಗಿನ ಪತ್ರಿಕೆಗಳಲ್ಲಿ ಬಂದಿತ್ತು. ಹೇಳಿದರೂ ಉಣ್ಣಬೇಕಾಯಿತು. ತಾಟನ್ನು ದೂಡಿ ಎದ್ದು ಹೋಗುವ ಹಟಮಾರಿಗಳು ಆ ಸಾಲಿನಲ್ಲಿ ಇನ್ನಷ್ಟು ಇದ್ದಿದ್ದರೆ ಎಂದು ನಮಗೆ ಅನೇಕ ಸಲ ಅನಿಸಿದೆ.

ಕೂಲಿಮಠದ ಕಾಲದ ಹಿರಿಯರ ಬಾಯಲ್ಲಿ ಕೋದಂಡದ ಕಥೆ ಕೇಳಿದವರು ಇಲ್ಲಿ ಇರಬಹುದು. ಹುಡುಗನ ಕೈಗೆ ಹಗ್ಗ ಕಟ್ಟಿ ತೊಲೆಗೆ ತೂಗಹಾಕುವದು. ಛಡಿ ಛಂ ಛಂ, ವಿದ್ಯೆ ಘಂ ಘಂ ಎಂದು ಗಾದೆಯನ್ನೂ ಮಾಡಿಕೊಂಡೆವು. ಆ ಮಠಗಳಲ್ಲಿ ಕಲಿತು ದೊಡ್ಡವರಾದವರ ಹೆಸರನ್ನು ಎಲ್ಲರೂ ಹೇಳುತ್ತಾರೆ. ಛಡಿಗೆ ಅಂಜಿ ಪಾಟಿಯನ್ನು ಬಾವಿಗೆಸೆದು ದನ ಕಾಯಲು ಹೋದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಇನ್ನು ಮಹಾತ್ಮರ ಮಾತು. ಅವರೂ ಮಾಸ್ತರರಾಗಿದ್ದರೆಂಬದನ್ನು ನಾವು ಮರೆಯುತ್ತೇವೆ. ದಕ್ಷಿಣ ಆಫ್ರಿಕದಲ್ಲಿ 1910ರಲ್ಲಿ ಸ್ಥಾಪಿಸಿದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅವರು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಅಲ್ಲಿ ಒಬ್ಬ ಹುಡುಗನಿದ್ದನು. ಸುಳ್ಳು, ಜಗಳ, ಯಾರಿಗೂ ಬಗ್ಗದವನು. ಒಂದು ದಿನ ಗಾಂಧೀಜಿಯವರು ಸಹನೆ ತಪ್ಪಿ, ಹತ್ತಿರವಿದ್ದ ರೂಲಿನಿಂದ ಅವನ ತೋಳಿಗೆ ಹೊಡೆದರು. ಹೊಡೆಯುವಾಗ ಅವರ ಕೈ ನಡುಗುತ್ತಿತ್ತು. ಹುಡುಗನು ಅತ್ತು ಕ್ಷಮೆ ಬೇಡಿದನು. ಹದಿನೇಳು ವರ್ಷದ ಗಟ್ಟಿ ಆಳು ಅವನು. ತಿರುಗಿ ಹೊಡೆಯಬಹುದಿತ್ತು, ಹೊಡೆಯಲಿಲ್ಲ. ಅವನು ಅತ್ತದ್ದು ನೋವಿಗಲ್ಲ, ತಮಗಾದ ಸಂಕಟವನ್ನು ಕಂಡು ಎಂದು ಅವರು ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ಆ ಹುಡುಗನು ಆಮೇಲೆ ಮಾತು ಕೇಳತೊಡಗಿದನಂತೆ. ಅಂದರೆ ಪೆಟ್ಟು ಕೆಲಸ ಮಾಡಿತು! ನಾವು ನೀವಾಗಿದ್ದರೆ ಮರುದಿನವೇ ಇನ್ನೊಂದು ರೂಲು ಕೊಳ್ಳುತ್ತಿದ್ದೆವು. ಅವರಾದರೋ ಅಂದು ತಮ್ಮೊಳಗಿನ ಪಶುವನ್ನು ತೋರಿಸಿದೆನೆಂದು ಆತ್ಮಕಥೆ ಬರೆಯುವಾಗಲೂ ಪಶ್ಚಾತ್ತಾಪಪಟ್ಟರು. ಮತ್ತೆ ಯಾರ ಮೇಲೂ ಕೈಯೆತ್ತಲಿಲ್ಲ.

ಕಾಯದೆಯ ಮಾತನ್ನು ವಕೀಲರಾಗಿ ಹೇಳಲೇಬೇಕು, ಬೇಗ ಮುಗಿಸುತ್ತೇವೆ. 2009ರ ಶಿಕ್ಷಣ ಹಕ್ಕಿನ ಕಾಯದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಕೊಡಕೂಡದೆಂದು ನಿಷೇಧಿಸಿದೆ. ಅದಕ್ಕೂ ಮೊದಲು, 2000ದ ಡಿಸೆಂಬರದಲ್ಲಿ, ದಿಲ್ಲಿಯ ಉಚ್ಚ ನ್ಯಾಯಾಲಯವು ಅಲ್ಲಿಯ ಶಾಲೆಗಳಲ್ಲಿ ಹೊಡೆಯಲು ಅವಕಾಶ ಕೊಟ್ಟಿದ್ದ ನಿಯಮವನ್ನು ರದ್ದುಮಾಡಿತು. ಪಾಲಕರ ಸಮ್ಮತಿಯಿದ್ದರೆ ಮಾಸ್ತರನು ಹೊಡೆಯಬಹುದೆಂಬದು ಹಳೆಯ ವಾದ. 17ನೆಯ ಕಲಮಿನಲ್ಲಿ ಪಾಲಕರ ಸಮ್ಮತಿಗೆ ಜಾಗವೇ ಇಲ್ಲ. ನೀವು ನೂರು ಸಹಿ ಹಾಕಿ ಕೊಟ್ಟರೂ, ಆ ಕಾಗದವನ್ನು ನಂಬಿ ಬೆತ್ತ ಎತ್ತಿದ ಮಾಸ್ತರನು ಇಲಾಖೆಯ ಶಿಕ್ಷೆಗೆ ಗುರಿಯಾಗುವನು. ನಿಮ್ಮ ನಾಲ್ಕನೆಯ ಕಲಮು ಉಪಾಧ್ಯಾಯರಿಗೆ ಕೊಡುವ ಉಡುಗೊರೆಯಲ್ಲ, ಅವರ ಕಾಲಿಗೆ ಹಾಕುವ ಉರುಳು. ಮೂರನೆಯದೂ ಹಾಗೆಯೇ. ಎಂಟನೆಯ ಇಯತ್ತೆ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕಕೂಡದೆಂದು 16ನೆಯ ಕಲಮು ಹೇಳುತ್ತದೆ. 2019ರ ತಿದ್ದುಪಡಿಯಿಂದ ಐದನೆಯ ಹಾಗೂ ಎಂಟನೆಯ ಇಯತ್ತೆಗಳಲ್ಲಿ ನಪಾಸಾದವರನ್ನು ನಿಲ್ಲಿಸಿಕೊಳ್ಳಲು ಅವಕಾಶವಾಯಿತು, ಹೊರಹಾಕಲು ಆಗಲಿಲ್ಲ.

ಆ ಮೂವರು ಹುಡುಗರನ್ನು ಕುರಿತು ಒಂದು ಮಾತು. ಅವರಲ್ಲೊಬ್ಬನ ತಂದೆ ಈ ಸಭೆಗೆ ಬಂದಿದ್ದಾನೆ. ಹಿಂದೆ ಬಾಗಿಲ ಹತ್ತಿರ ನಿಂತಿದ್ದಾನೆ. ಯಾರೂ ತಿರುಗಿ ನೋಡಬೇಡಿರಿ. ಬರಲು ನಮಗಿಂತ ಹೆಚ್ಚಿನ ಧೈರ್ಯ ಅವನಿಗೆ ಬೇಕಾಯಿತು. ಇಂದು ಹೊರಗಟ್ಟಿದ ಹುಡುಗನು ನಾಳೆ ಅದೇ ಬಿದ್ದ ಗೋಡೆಯ ಮೇಲೆ ಕುಳಿತು ನಿಮ್ಮ ಮಕ್ಕಳ ದಾರಿ ಕಾಯುವನು, ಅಷ್ಟೇ ವ್ಯತ್ಯಾಸ. ಕಸಿದ ದುಡ್ಡನ್ನು ಅವರು ದುಡಿದು ತೀರಿಸಲಿ ಎನ್ನುವವರಿಗೂ ನಾವು ಒಪ್ಪುವದಿಲ್ಲ. ಹದಿಮೂರರ ಹುಡುಗರನ್ನು ದುಡಿಯಲು ಕಳಿಸುವದೆಂತು? ಚಿಕ್ಕವರ ಎದುರು ನಿಂತು, ಮಾಡಿದ್ದನ್ನು ತಮ್ಮ ಬಾಯಿಂದ ಹೇಳಿ, ತಂದೆಗಳ ಕೈಯಿಂದ ದುಡ್ಡು ತಿರುಗಿ ಕೊಡಿಸಲಿ. ಬಿಡುವಿನಲ್ಲಿ ಒಂದು ತಿಂಗಳು ಮುಖ್ಯಾಧ್ಯಾಪಕರ ಕೋಣೆಯ ಮುಂದೆ ಕುಳಿತು ಓದಲಿ. ಇದು ಶಿಕ್ಷೆಯೇ ಅಲ್ಲವೆನ್ನುವವರು ಒಂದು ದಿನ ಹಾಗೆ ಕುಳಿತು ನೋಡಬಹುದು.

ಆದರೆ ಎಲ್ಲ ಸಂಗತಿಯೂ ಹೀಗೆ ಮನೆಯೊಳಗೆ ಬಗೆಹರಿಯುವವಲ್ಲ. ಹುಡುಗ ಹುಡುಗಿಯರ ಮೈಗೆ ಕೆಟ್ಟ ಉದ್ದೇಶದಿಂದ ಕೈಹಚ್ಚಿದ ಪ್ರಸಂಗವಿದ್ದರೆ, ಮಾಡಿದವನು ಯಾರೇ ಆಗಿರಲಿ, ಮರ್ಯಾದೆಯ ಮಾತಾಡಿ ಮುಚ್ಚಿಡುವದು ಅಪರಾಧ. 2012ರ ಪೋಕ್ಸೋ ಕಾಯದೆಯ 19ನೆಯ ಕಲಮಿನ ಪ್ರಕಾರ ತಿಳಿದವರೆಲ್ಲರೂ ಪೋಲೀಸರಿಗೆ ತಿಳಿಸಲೇಬೇಕು. 1098 ಎಂಬ ಮಕ್ಕಳ ಸಹಾಯದ ಟೆಲಿಫೋನು ಸಂಖ್ಯೆಯನ್ನು ಪ್ರತಿ ವರ್ಗದ ಗೋಡೆಯ ಮೇಲೆ ಬರೆಯಿಸಿರಿ. ಬಣ್ಣದ ಖರ್ಚು ನಮ್ಮದು.

ಈಗ ನಿಜವಾದ ತೊಂದರೆಗೆ ಬರೋಣ. ಟಾಕಿಯ ಹಿಂದೆ ಹೊಡೆದಾಟ ನಡೆಯುವದು ಮಧ್ಯಾಹ್ನದ ಬಿಡುವಿನಲ್ಲಿ. ಆಗ ಅಲ್ಲಿ ಉಪಾಧ್ಯಾಯರೊಬ್ಬರು ನಿಂತಿದ್ದರೆ ಅದು ನಡೆಯುವದಿಲ್ಲ. ಏಕೆ ನಿಂತಿಲ್ಲ? ಒಬ್ಬರು ಅನ್ನದ ಲೆಕ್ಕ ಬರೆಯುತ್ತಿರುತ್ತಾರೆ, ಒಬ್ಬರು ಬಡಿಸುವಲ್ಲಿರುತ್ತಾರೆ, ಒಬ್ಬರು ಇಲಾಖೆಯ ಯಾವದೋ ಪಟ್ಟಿಯನ್ನು ಮೊಬಾಯಿಲಿನಲ್ಲಿ ತುಂಬುತ್ತಿರುತ್ತಾರೆ, ಎರಡು ಜಾಗಗಳು ಖಾಲಿ ಇವೆ. ಆರರಿಂದ ಎಂಟರವರೆಗಿನ ವರ್ಗಗಳಿಗೆ 35 ಮಕ್ಕಳಿಗೆ ಒಬ್ಬರಂತಾದರೂ ಉಪಾಧ್ಯಾಯರು ಇರಬೇಕೆಂದು ಅದೇ ಕಾಯದೆಯ ಪರಿಶಿಷ್ಟದಲ್ಲಿದೆ. ಆವರಣದ ಗೋಡೆ ಅಥವಾ ಬೇಲಿ, ಗಂಡು ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಗೃಹ, ಕುಡಿಯುವ ನೀರು ಇವೂ ಅದರಲ್ಲಿವೆ. ಇವು ನಾವು ಬೇಡಿಕೊಳ್ಳುವ ಭಿಕ್ಷೆಯಲ್ಲ. ಅಗುಳಿ ಇಲ್ಲದ್ದರಿಂದ ಎಂಟನೆಯ ಇಯತ್ತೆಯ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನೀರನ್ನೇ ಕುಡಿಯುವದಿಲ್ಲವೆಂದು ಒಬ್ಬ ತಾಯಿ ನಮ್ಮ ಮನೆಯವರಿಗೆ ಹೇಳಿದರು. ಒಂದು ಅಗುಳಿಯ ಬೆಲೆ ಎಷ್ಟು? ಇಷ್ಟು ಜನ ಗಂಡಸರು ಬೆತ್ತದ ಕಲಮನ್ನು ಬರೆಯುವ ಹೊತ್ತಿನಲ್ಲಿ ಅಂಗಡಿಗೆ ಹೋಗಿ ತರಬಹುದಿತ್ತು.

ಕಟ್ಟಡದ ವಿಷಯದಲ್ಲಿ ಉದಾಸೀನ ಬೇಡ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ ಅಡಿಗೆಮನೆಯ ಬೆಂಕಿ ಗರಿಯ ಛಾವಣಿಗೆ ಹತ್ತಿ 94 ಮಕ್ಕಳು ಸುಟ್ಟುಹೋದರು. ಇಳಿಯಲು ಇದ್ದ ಮೆಟ್ಟಲು ಇಕ್ಕಟ್ಟಾಗಿತ್ತು. ಆ ದುರಂತದ ಬಳಿಕ ಹೂಡಿದ ಅರ್ಜಿಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ, ಶಿಕ್ಷಣದ ಹಕ್ಕಿನೊಳಗೆ ಅಪಾಯವಿಲ್ಲದ ಶಾಲೆಯ ಹಕ್ಕೂ ಸೇರಿದೆಯೆಂದು ತೀರ್ಪು ಕೊಟ್ಟು, ಶಾಲೆಗಳಲ್ಲಿ ಬೆಂಕಿ ಆರಿಸುವ ಸಾಧನಗಳಿರಬೇಕೆಂದು ಆಜ್ಞಾಪಿಸಿತು. ನಮ್ಮ ಶಾಲೆಯಲ್ಲಿ ಅದು ಇದೆ. ಮುಖ್ಯಾಧ್ಯಾಪಕರ ಕಪಾಟಿನ ಹಿಂದೆ ಇದೆ. ಕಪಾಟಕ್ಕೆ ಬೀಗವಿದೆ. ಬೀಗದ ಕೈ ಯಾರ ಹತ್ತಿರವಿದೆಯೆಂದು ನಾವು ಹೋದ ದಿನ ಮೂವರನ್ನು ಕೇಳಬೇಕಾಯಿತು.

ಇದನ್ನೆಲ್ಲ ನೋಡಬೇಕಾದವರು ಯಾರು? ನೀವೇ. ಸರಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು 21ನೆಯ ಕಲಮು ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಅದಕ್ಕೂ ಮೊದಲೇ, 2001ರಿಂದ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ನಮ್ಮ ಶಾಲೆಯ ಸಮಿತಿಯ ಹಿಂದಿನ ಮೂರು ಸಭೆಗಳ ವಹಿಯನ್ನು ನಾವು ಮುಖ್ಯಾಧ್ಯಾಪಕರಿಂದ ಕೇಳಿ ತರಿಸಿಕೊಂಡು ನೋಡಿದೆವು. ಸಹಿಗಳು ಇವೆ. ಅದರಲ್ಲಿ ಒಂದು ಸಹಿಯ ಒಡೆಯರು ಆ ದಿನ ತಮ್ಮ ಖಟ್ಲೆಯ ಸಲುವಾಗಿ ನಮ್ಮ ಕಚೇರಿಯಲ್ಲಿಯೇ ಕುಳಿತಿದ್ದರು. ಹೆಸರು ಹೇಳುವದಿಲ್ಲ. ಸಹಿಯನ್ನು ಮನೆಗೆ ಕಳಿಸಿ ಹಾಕಿಸಿಕೊಂಡು ಬರುವ ರೂಢಿಯಂತೆ. ಹೆಂಗಸರ ಹೆಸರಿನ ಮುಂದೆ ಅವರ ಯಜಮಾನರೇ ಸಹಿ ಮಾಡುವ ರೂಢಿಯೂ ಇದೆಯಂತೆ.

ಅರ್ಜಿಯನ್ನು ನಾವು ಬೇರೆಯಾಗಿ ಬರೆದು ತಂದಿದ್ದೇವೆ. ಗೋಡೆ, ಅಗುಳಿ, ರಸ್ತೆಯ ಉಬ್ಬು, ಖಾಲಿ ಬಿದ್ದ ಎರಡು ಜಾಗಗಳು, ಬಿಡುವಿನಲ್ಲಿ ಪಾಳಿಯಂತೆ ಮೂರು ಕಡೆ ಕಾವಲು, ತಿಂಗಳಿಗೊಮ್ಮೆ ಪಾಲಕರ ಭೆಟ್ಟಿ, ಇಷ್ಟು ಅದರಲ್ಲಿದೆ. ಮೂರನೆಯ, ನಾಲ್ಕನೆಯ ಕಲಮುಗಳಿಗೆ ಅಡ್ಡಗೀಟು ಹಾಕಿದ್ದೇವೆ. ಕಾವಲಿಗೆ ಉಪಾಧ್ಯಾಯರು ಸಾಲದ ದಿನ ಪಾಲಕರು ನಿಲ್ಲತಕ್ಕದ್ದೆಂದು ಒಂದು ಹೊಸ ಕಲಮನ್ನು ಸೇರಿಸಿದ್ದೇವೆ. ಸೋಮವಾರದ ಪಾಳಿಗೆ ನಮ್ಮ ಹೆಸರನ್ನು ಬರೆದಿದೆ, ಆ ದಿನ ಕೋರ್ಟಿನ ಕೆಲಸ ಊಟದ ಬಿಡುವಿನ ನಂತರವೇ ಆಗಲಿ. ಉಳಿದ ಐದು ದಿನಗಳ ಮುಂದೆ ಜಾಗ ಖಾಲಿಯಿದೆ. ಕಾಗದವೂ ಲೇಖಣಿಯೂ ಮೇಜಿನ ಮೇಲಿವೆ. ಸಮಿತಿಯ ಸಭೆ ಬರುವ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ, ಶಾಲೆಯಲ್ಲಿಯೇ. ತಾಯಂದಿರು ತಾವೇ ಬಂದು ತಮ್ಮ ಸಹಿಯನ್ನು ತಾವೇ ಮಾಡಬೇಕೆಂದು ವಿನಂತಿ.