ಹೂತಿಟ್ಟ ತಲಾಂತು

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇರುವ ನವನಗರದಲ್ಲಿ ನಮ್ಮ ವಾಸ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವುದು ನಮ್ಮ ವೃತ್ತಿ. ಭಾನುವಾರದ ಆರಾಧನೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವುದು ರೂಢಿ. ಈ ಎರಡು ಕಾರಣಗಳಿಂದಲೂ ಕ್ರೈಸ್ತ ಮನೆತನದ ತರುಣರು ತಮ್ಮ ಮುಂದಿನ ದಾರಿಯ ವಿಚಾರವಾಗಿ ನಮ್ಮಲ್ಲಿಗೆ ಬರುವುದುಂಟು. ಕಳೆದ ವರ್ಷ ಬಂದವನೊಬ್ಬನ ಪ್ರಶ್ನೆಯೇ ಈ ಹೊತ್ತಿನ ಮಾತಿಗೆ ನಿಮಿತ್ತ.

ಆತನು ಧಾರವಾಡದಲ್ಲಿ ಹಿಂದುಸ್ತಾನಿ ಗಾಯನವನ್ನು ಕಲಿಯುತ್ತಿದ್ದನು. ತಂದೆಗೆ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಕೆಲಸ. ಮಗನು ಬ್ಯಾಂಕಿನ ಪರೀಕ್ಷೆಗೆ ಕುಳಿತುಕೊಳ್ಳಲೆಂಬುದು ಅವರ ಇಚ್ಛೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹುಡುಗನನ್ನು ಕಾಡುತ್ತಿದ್ದುದು ಅನ್ನದ ಚಿಂತೆಯೊಂದೇ ಅಲ್ಲ. "ಸರ್, ಬಂದಿಶಿನೊಳಗ ಕೃಷ್ಣನ ಹೆಸರು ಬರ್ತದರಿ. ಅದನ್ನ ಹಾಡಿದ ಬಾಯಿಲೆ ಐತವಾರ ಕೀರ್ತನಿ ಹಾಡೂದು ಸರಿ ಏನ್ರಿ?" ಎಂದು ಕೇಳಿದನು. ಸಭೆಯ ಹಿರಿಯರೊಬ್ಬರು ಈ ಸಂದೇಹವನ್ನು ಆತನ ತಲೆಯಲ್ಲಿ ಹಾಕಿದ್ದರು.

ನಕ್ಕು ತಳ್ಳಿಹಾಕತಕ್ಕ ಪ್ರಶ್ನೆ ಅದಲ್ಲ. ಮಾತಿನಲ್ಲಿ ಏನಿದೆ, ಸ್ವರವೇ ಸರ್ವಸ್ವವೆಂದು ರಸಿಕರು ಸುಲಭವಾಗಿ ಹೇಳಿಬಿಡುತ್ತಾರೆ. ನಂಬುಗೆಯುಳ್ಳವನಿಗೆ ಮಾತು ಅಷ್ಟು ಹಗುರವಾದುದಲ್ಲ. ಆದರೂ ಈ ನೆಲದ ಸಂಗೀತದ ಚರಿತ್ರೆಯನ್ನು ನಾವು ಆತನಿಗೆ ನೆನಪಿಸಿದೆವು. ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುವಾಗಿದ್ದ ಅಬ್ದುಲ್ ಕರೀಂಖಾನರು ಮುಸಲ್ಮಾನರು. ಅವರು ತ್ಯಾಗರಾಜರ ಕೃತಿಯನ್ನೂ ಕಲಿತು, ಹಾಡಿ, ಧ್ವನಿಮುದ್ರಿಸಿದರು. ಅದರಿಂದ ಅವರ ಧರ್ಮವು ಕರಗಿಹೋಗಲಿಲ್ಲ. ಇಷ್ಟರ ಮೇಲೂ ಯಾವುದಾದರೊಂದು ಚೀಜು ಮನಸ್ಸಾಕ್ಷಿಯನ್ನು ಚುಚ್ಚುವುದಾದರೆ ಅದನ್ನು ಬಿಡಬಹುದು. ಒಂದೊಂದು ರಾಗಕ್ಕೂ ಚೀಜುಗಳು ಹಲವಾರಿವೆ. ತರಾನಾದಲ್ಲಂತೂ ಅರ್ಥದ ಗೊಡವೆಯೇ ಇಲ್ಲ. ಇದನ್ನು ಗುರುಗಳ ಮುಂದೆ ಬಿಚ್ಚಿ ಹೇಳಲು ನಾಚಬೇಕಾದುದಿಲ್ಲ.

ಇನ್ನು ಹಿರಿಯರ ಆಕ್ಷೇಪಕ್ಕೆ ಉತ್ತರವು ನಮ್ಮ ಸಭೆಯ ಚರಿತ್ರೆಯಲ್ಲಿಯೇ ದೊರೆಯುತ್ತದೆ. ಬಾಸೆಲ್ ಮಿಶನ್ನಿನ ಕಿಟ್ಟೆಲರನ್ನು 1894ರ ನಿಘಂಟಿನಿಂದ ಎಲ್ಲರೂ ಬಲ್ಲರು. ಅದಕ್ಕೂ ಬಹಳ ಮೊದಲೇ, 1862ರಲ್ಲಿ, ಅವರು 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯಕ್ಕೆ ಇಳಿಸಿದ್ದರು. ಜರ್ಮನಿಯಿಂದ ಬಂದವರಿಗೆ ಈ ನಾಡಿನ ಪದ್ಯರೀತಿಯು ಮೈಲಿಗೆಯಾಗಿ ಕಾಣಲಿಲ್ಲ. ಇಲ್ಲಿಯೇ ಹುಟ್ಟಿದ ನಮಗೆ ಈ ನಾಡಿನ ರಾಗವು ಹೇಗೆ ಮೈಲಿಗೆಯಾದೀತು?

ಕಿಟ್ಟೆಲರಿಗಿಂತಲೂ ನಮಗೆ ಹತ್ತಿರದವರು ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಜನಿಸಿ, ಮಂಗಳೂರಿನಲ್ಲಿ ದೇವಜ್ಞಾನವನ್ನು ಅಭ್ಯಾಸಮಾಡಿ, ಸಭಾಪಾಲಕರಾದವರು. ಸಭೆಯ ಸೇವೆಯ ನಡುವೆ ಅವರು ಹುಡುಕಿಕೊಂಡು ಹೋದುದು ಸರ್ವಜ್ಞನ ತ್ರಿಪದಿಗಳನ್ನು. ಓಲೆಯಲ್ಲಿದ್ದುದನ್ನೂ ಜನರ ಬಾಯಲ್ಲಿದ್ದುದನ್ನೂ ಕೂಡಿಸಿ, ಪಾಠಗಳನ್ನು ತೂಗಿನೋಡಿ, ಸುಮಾರು 2000 ವಚನಗಳ ಸಂಗ್ರಹವನ್ನು 1924ರಲ್ಲಿ ಬೆಳಕಿಗೆ ತಂದರು. ಮುಂದೆ ಶಿವಶರಣರ ವಚನಗಳಿಗೂ ಅದೇ ಶ್ರದ್ಧೆಯನ್ನು ಸಲ್ಲಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಕ್ರಿಸ್ತನನ್ನು ಬಿಟ್ಟು ಅವರು ಸರ್ವಜ್ಞನನ್ನು ಹಿಡಿಯಲಿಲ್ಲ. ಕ್ರಿಸ್ತನಲ್ಲಿ ನೆಲೆಯೂರಿದ ಮನಸ್ಸಾದುದರಿಂದಲೇ ಪರರ ಸಿರಿಯನ್ನು ಅಂಜದೆ ಎತ್ತಿ ತೋರಿಸಬಲ್ಲವರಾದರು ಎಂದು ನಾವು ತಿಳಿಯುತ್ತೇವೆ.

ಅಂಜಿಕೆಯ ಮಾತು ಬಂದುದರಿಂದ ಸತ್ಯವೇದದ ತಲಾಂತುಗಳ ಸಾಮ್ಯವನ್ನು ಹೇಳಬೇಕಾಗಿದೆ. ಯಜಮಾನನು ಕೊಟ್ಟ ಒಂದು ತಲಾಂತನ್ನು ಆಳು ದುಂದುಮಾಡಲಿಲ್ಲ, ಕದಿಯಲಿಲ್ಲ. ಹೆದರಿ ನೆಲದಲ್ಲಿ ಹೂತಿಟ್ಟನು, ಅಷ್ಟೆ. ಬೈಸಿಕೊಂಡುದು ಅದಕ್ಕಾಗಿಯೇ. ನಮ್ಮ ಮನೆಗಳಲ್ಲಿ ಈ ಹೂಳುವ ಕೆಲಸಕ್ಕೆ ಭಕ್ತಿಯೆಂದು ಹೆಸರು ಬಂದುಬಿಟ್ಟಿದೆ. ಕ್ರಿಸ್ಮಸ್ಸಿನಲ್ಲಿ ಹಾಡಿದ ಹುಡುಗಿಗೆ ಚಪ್ಪಾಳೆ ತಟ್ಟುತ್ತೇವೆ. ಹಾಡುವುದೇ ತನ್ನ ಬಾಳೆಂದು ಆಕೆ ಹೇಳಿದರೆ ಪ್ರಾರ್ಥನೆಗೆ ಕೂರುತ್ತೇವೆ, ಆಕೆಯ ಮನಸ್ಸು ತಿರುಗಲೆಂದು!

ಇದರ ಎದುರುಬದಿಯ ತಪ್ಪೂ ಉಂಟು. ದೇವರು ದಾರಿ ತೋರಿಸುವನೆಂದು ರಿಯಾಜನ್ನು ಬಿಟ್ಟು ಕುಳಿತವರನ್ನು ನಾವು ಕಂಡಿದ್ದೇವೆ. ವಿಮೋಚನಕಾಂಡದ ಬೆಚಲೇಲನಿಗೆ ದೇವರಾತ್ಮವು ತುಂಬಿದ್ದಿತು, ನಿಜ. ಆದರೆ ಚಿನ್ನವನ್ನು ತಟ್ಟಿದುದೂ ಮರವನ್ನು ಕೆತ್ತಿದುದೂ ಅವನ ಕೈಗಳೇ. ನಂಬಿಕೆಯು ಹೊಟ್ಟೆಪಾಡಿಗೆ ಜಾಮೀನು ನಿಲ್ಲುವುದಿಲ್ಲ. ಹತ್ತು ವರ್ಷ ಹಾಡಿದರೂ ಹೆಸರು ಬಾರದೆ ಹೋಗಬಹುದು ಎಂಬುದನ್ನು ಹುಡುಗನಿಗೆ ನಾವು ಮುಚ್ಚಿಡಲಿಲ್ಲ.

ಆತನೀಗ ಬೆಳಗಿನ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಪಾಠಕ್ಕೆ ಹೋಗುತ್ತಾನೆ. ಸಂಜೆ ನಾಲ್ಕು ಮಕ್ಕಳಿಗೆ ಗಣಿತ ಹೇಳಿಕೊಟ್ಟು ಗುರುದಕ್ಷಿಣೆಯನ್ನು ತಾನೇ ಹೊಂದಿಸುತ್ತಾನೆ. ಭೈರವದಲ್ಲಿ ದಾವೀದನ ಕೀರ್ತನೆಯೊಂದನ್ನು ಕೂಡಿಸಿಕೊಂಡು ಬಂದು ಮೊನ್ನೆ ನಮಗೆ ಹಾಡಿ ತೋರಿಸಿದನು. ಅಂತರೆಯು ಇನ್ನೂ ಕುಂಟುತ್ತದೆ, ಸ್ಥಾಯಿಯು ಚೆನ್ನಾಗಿದೆ. ತಂದೆಯವರು ಇನ್ನೂ ಪೂರ್ಣ ಒಪ್ಪಿಲ್ಲ. ಪದವಿ ಪರೀಕ್ಷೆಯನ್ನು ಮುಗಿಸಲಿ, ಆಮೇಲೆ ನೋಡೋಣವೆಂದಿದ್ದಾರೆ.