ಕ್ಯಾಮೆರಾದ ಎರಡೂ ಕಡೆ ನಾವೇ



ಬರುವ ತಿಂಗಳು ನಮ್ಮ ಮಹಿಳಾ ವಿಭಾಗ ನಡೆಸಲಿರುವ ರೆಟ್ರೊ ಪಿನಪ್ ಫೋಟೋ ಶೂಟ್ ಬಗ್ಗೆ ನಾಲ್ಕು ಮಾತು. "ಅದು ಗಂಡಸರು ಗೋಡೆಗೆ ಚುಚ್ಚಿಕೊಳ್ತಿದ್ದ ಚಿತ್ರ ಅಲ್ವೇನ್ರೀ? ನಮಗ್ಯಾಕೆ ಅದು?" ಎಂದು ಹಿರಿಯ ಸದಸ್ಯೆಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ.

ಪಿನ್ನು ಚುಚ್ಚಿ ಗೋಡೆಗೆ ಹಾಕುತ್ತಿದ್ದುದರಿಂದಲೇ ಆ ಹೆಸರು. 1943ರಲ್ಲಿ ತೆಗೆದ ಹಾಲಿವುಡ್ ನಟಿ ಬೆಟ್ಟಿ ಗ್ರೇಬಲ್ ಅವರ ಚಿತ್ರ, ಬೆನ್ನು ತಿರುಗಿಸಿ ಹೆಗಲ ಮೇಲಿಂದ ನಗುವ ಚಿತ್ರ, ಅಮೆರಿಕದ ಸೈನಿಕರ ನಡುವೆ ಮನೆಮಾತಾಗಿತ್ತು.

ಆದರೆ ಆ ಚಿತ್ರಗಳನ್ನು ಮಾಡಿದವರಲ್ಲಿ ಹೆಂಗಸರೂ ಇದ್ದರು. ಕಲಾವಿದೆ ಜೋಯಿ ಮೊಜರ್ಟ್ ಕನ್ನಡಿಯ ಮುಂದೆ ತಾವೇ ನಿಂತು, ತಮ್ಮನ್ನೇ ನೋಡಿಕೊಂಡು ಪಿನಪ್ ಚಿತ್ರ ಬರೆದರು. ಮಯಾಮಿಯ ಬನ್ನಿ ಯೇಗರ್ ಮೊದಲು ರೂಪದರ್ಶಿ, ಆಮೇಲೆ ಫೋಟೋಗ್ರಾಫರ್. ಈಜುಡುಗೆಗಳನ್ನು ತಾವೇ ಹೊಲಿಯುತ್ತಿದ್ದರು. ಬಿಸಿಲಲ್ಲೂ ಫ್ಲ್ಯಾಶ್ ಹಾಕಿ ಮುಖದ ನೆರಳು ತೆಗೆಯುತ್ತಿದ್ದರು. 1954ರಲ್ಲಿ ಅವರು ತೆಗೆದ ಬೆಟ್ಟಿ ಪೇಜ್ ಚಿತ್ರಗಳನ್ನು ನೋಡಿದರೆ, ಗೆಳತಿಯ ಮಾತಿಗೆ ನಕ್ಕಂತಿರುತ್ತದೆ.

ನಮ್ಮಮ್ಮ ತೀರಿಕೊಂಡಾಗ ಅವರೊಬ್ಬರೇ ಇರುವ ಚಿತ್ರ ಒಂದೂ ಸಿಗಲಿಲ್ಲ. ಮದುವೆ, ಮುಂಜಿಗಳ ಫೋಟೋದಲ್ಲೆಲ್ಲ ಅಂಚಿನಲ್ಲಿ ಅರ್ಧ ಮುಖ. ಕೊನೆಗೆ ವೋಟರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು. ಅಷ್ಟು ನಗುತ್ತಿದ್ದ ಹೆಂಗಸು, ಗೋಡೆಯ ಮೇಲೆ ಬಿಗಿದ ತುಟಿ. ಈ ಶೂಟ್ ಆಗಲೇಬೇಕೆಂದು ನಾನು ಹಟ ಹಿಡಿದಿರುವುದು ಅದಕ್ಕೇ.

ತಯಾರಿ ಸರಳ. ಒಂದೇ ಬಣ್ಣದ ಪರದೆ, ಹಳೆಯ ಡಯಲ್ ಫೋನು, ಒಂದು ಛತ್ರಿ. ತುದಿಯಲ್ಲಿ ಮೇಲಕ್ಕೆಳೆದ ಐಲೈನರ್, ಕಡುಕೆಂಪು ಲಿಪ್‌ಸ್ಟಿಕ್, ಹಣೆಯ ಮೇಲೆ ಸುರುಳಿ ಸುತ್ತಿ ಪಿನ್ ಹಾಕಿದ ಕೂದಲು. ಚುಕ್ಕಿ ಫ್ರಾಕ್ ಬೇಡವೆನ್ನುವವರು ಚುಕ್ಕಿ ಸೀರೆ ಉಡಿ. ಮೈಭಾರ ಹಿಂದಿನ ಕಾಲಿನ ಮೇಲಿರಲಿ, ಮುಂದಿನ ಮಂಡಿ ತುಸು ಬಾಗಲಿ. ಮಂಡಿನೋವಿದ್ದವರಿಗೆ ಸ್ಟೂಲ್ ಇದೆ.

ನಿಯಮ ಮೂರೇ. ಫೋಟೋ ತೆಗೆಯುವವರು ನಮ್ಮ ಸದಸ್ಯೆಯರೇ. ಯಾವ ಚಿತ್ರ ಉಳಿಯಬೇಕೆಂದು ನೀವೇ ಆರಿಸಬೇಕು, ಉಳಿದವನ್ನು ನಿಮ್ಮೆದುರೇ ಅಳಿಸುತ್ತೇವೆ. ನಿಮ್ಮ ಒಪ್ಪಿಗೆಯಿಲ್ಲದೆ ಒಂದು ಚಿತ್ರವೂ ವಾಟ್ಸಾಪ್ ಗುಂಪಿಗೆ ಹೋಗುವುದಿಲ್ಲ.

"ಮನೇಲಿ ಕೇಳಿ ಹೇಳ್ತೀನಿ" ಅಂದಿದ್ದೀರಿ ಹಲವರು. ಧಾರಾಳವಾಗಿ ಕೇಳಿ. ಅದಕ್ಕೂ ಮೊದಲು, ನಿಮಗೆ ಬೇಕೋ ಬೇಡವೋ ಎಂದು ನಿಮ್ಮನ್ನೇ ಒಮ್ಮೆ ಕೇಳಿಕೊಳ್ಳಿ. ಬೇಕೆನಿಸಿದರೆ ಕಾರ್ಯದರ್ಶಿಯವರ ಹತ್ತಿರ ಇವತ್ತೇ ಹೆಸರು ಬರೆಸಿ.