ಸದ್ದಿನ ಹಿಂದಿನ ಗಣಿತ

(ಶತಮಾನೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಕನ್ನಡದಲ್ಲಿ ವಿಜ್ಞಾನ ಕಲಿತ ಮಗು ಕಂಪ್ಯೂಟರ್ ಯುಗದಲ್ಲಿ ಹಿಂದುಳಿಯದೆ ಎಂದು ಕಾಸರಗೋಡಿನ ಈ ಗಡಿನೆಲದ ಪೋಷಕರು ಪ್ರವೇಶಾತಿಯ ವೇಳೆ ಕೇಳುವುದುಂಟು. ಪ್ರಶ್ನೆ ನ್ಯಾಯವಾದುದು. ಉತ್ತರರೂಪವಾಗಿ ಹೊಸ ವಿದ್ಯೆಯೊಂದನ್ನು ಕನ್ನಡದಲ್ಲಿಯೇ ತಮ್ಮ ಮುಂದಿಡುತ್ತೇನೆ.

ಆನಿಮೇಷನ್ ಚಿತ್ರವೊಂದರಲ್ಲಿ ತಾಮ್ರದ ಕೊಡಪಾನ ಮೆಟ್ಟಿಲುಗಳ ಮೇಲೆ ಉರುಳುತ್ತದೆ ಎಂದಿಟ್ಟುಕೊಳ್ಳಿ. ದೃಶ್ಯವನ್ನು ಕಂಪ್ಯೂಟರು ರಚಿಸಿತು. ಸದ್ದು ಎಲ್ಲಿಂದ ಬರಬೇಕು? ಇಲ್ಲದ ಕೊಡಪಾನಕ್ಕೆ ಮೈಕ್ ಹಿಡಿಯಲಾಗದು. ಬಹುಕಾಲದಿಂದ ಕಲಾವಿದರು ಸ್ಟುಡಿಯೋದಲ್ಲಿ ನಿಜವಾದ ವಸ್ತುಗಳನ್ನು ಬಡಿದು, ದೃಶ್ಯಕ್ಕೆ ಹೊಂದಿಸಿ ಧ್ವನಿಮುದ್ರಿಸುತ್ತ ಬಂದಿದ್ದಾರೆ. ಹಾಲಿವುಡ್ಡಿನ ಜಾಕ್ ಫೋಲಿಯವರಿಂದಾಗಿ ಆ ಕಲೆಗೆ ‘ಫೋಲಿ’ ಎಂಬ ಹೆಸರಾಯಿತು. 2001ರಲ್ಲಿ ಕೀಸ್ ವಾನ್ ಡೆನ್ ಡೂಲ್, ದಿನೇಶ್ ಪೈ ಮತ್ತು ಸಂಗಡಿಗರು ‘ಫೋಲಿಆಟೊಮ್ಯಾಟಿಕ್’ ಎಂಬ ಪ್ರಬಂಧದಲ್ಲಿ, ವಸ್ತುಗಳು ತಾಗುವ, ಉಜ್ಜುವ, ಉರುಳುವ ಸದ್ದನ್ನು ಲೆಕ್ಕದಿಂದಲೇ ಹುಟ್ಟಿಸುವ ಬಗೆಯನ್ನು ತೋರಿದರು.

ಆ ಲೆಕ್ಕದ ತಿರುಳು ಶಾಲೆಯ ಭೌತಶಾಸ್ತ್ರವೇ. ಬಡಿದ ವಸ್ತು ಕಂಪಿಸುತ್ತದೆ. ಆಕಾರ, ಬಿಗಿತ, ತೂಕಗಳಿಗೆ ತಕ್ಕಂತೆ ಅದಕ್ಕೆ ಹಲವು ಸಹಜ ಆವೃತ್ತಿಗಳಿರುತ್ತವೆ. ಪೆಟ್ಟು ಎಲ್ಲಿ, ಹೇಗೆ ಬಿತ್ತೆಂಬುದನ್ನು ಅನುಸರಿಸಿ ಯಾವ ಕಂಪನ ಎಷ್ಟು ಏಳುವುದೆಂದು ನಿಶ್ಚಯವಾಗುತ್ತದೆ. ಎದ್ದ ಕಂಪನ ತಾಮ್ರದಲ್ಲಿ ನಿಧಾನವಾಗಿ, ಮರದಲ್ಲಿ ಬೇಗನೆ ಅಡಗುತ್ತದೆ. ಆದುದರಿಂದಲೇ ಕೊಡಪಾನ ‘ಠಣ್’ ಎಂದು ಮೊಳಗಿದರೆ ಮರದ ಮಣೆ ‘ಟಕ್’ ಎಂದು ಸುಮ್ಮನಾಗುತ್ತದೆ. ಕಂಪ್ಯೂಟರು ಈ ಅಡಗುವ ಅಲೆಗಳನ್ನೆಲ್ಲ ಕೂಡಿಸುತ್ತದೆ. ಚಲನಚಿತ್ರಕ್ಕೆ ಸೆಕೆಂಡಿಗೆ 24 ಚಿತ್ರಗಳು ಸಾಕು, ಸಿ.ಡಿ. ಗುಣಮಟ್ಟದ ಸದ್ದಿಗೆ ಸೆಕೆಂಡಿಗೆ 44,100 ಬೆಲೆಗಳು ಬೇಕು. ಕಿವಿಯನ್ನು ಒಪ್ಪಿಸುವುದು ಅಷ್ಟು ಕಷ್ಟ! ಗಾಜು ಒಡೆದರಂತೂ ಪ್ರತಿ ಚೂರೂ ಹೊಸ ವಸ್ತು; ಅದರ ಆವೃತ್ತಿಗಳೂ ಹೊಸವು.

ಸಹಜ ಆವೃತ್ತಿಗಳ ಈ ವಿಚಾರ ನಮಗೆ ದೂರದ್ದಲ್ಲ. ಮೃದಂಗದ ಬಲಮುಖದ ಕಪ್ಪು ಕರಣೆಯು ಅದರ ಆವೃತ್ತಿಗಳನ್ನು ಸರಳ ಅನುಪಾತಕ್ಕೆ ತರುವುದನ್ನು ಸರ್ ಸಿ. ವಿ. ರಾಮನ್ ಅಭ್ಯಸಿಸಿ, 1920ರಲ್ಲಿಯೂ 1934ರಲ್ಲಿಯೂ ಪ್ರಬಂಧಗಳನ್ನು ಪ್ರಕಟಿಸಿದರು. ನಮ್ಮೂರ ಯಕ್ಷಗಾನದಲ್ಲಿ ಚೆಂಡೆ ಕೇಳಿ ಬೆಳೆದ ಮಗುವಿಗೆ ಪೆಟ್ಟಿನ ಜಾಗ ಬದಲಾದರೆ ನಾದವೂ ಬದಲಾಗುವುದೆಂದು ವಿವರಿಸಬೇಕಾಗಿಲ್ಲ.

ಇಂಗ್ಲಿಷ್ ಬೇಡವೆಂದು ನಾನು ಹೇಳಲಾರೆ. ನಾನು ಹೇಳಿದ ಪ್ರಬಂಧಗಳು ಇಂಗ್ಲಿಷಿನಲ್ಲಿವೆ. ನಮ್ಮ ಮಕ್ಕಳು ಅದನ್ನೂ ಚೆನ್ನಾಗಿ ಕಲಿಯಬೇಕು. ಆದರೆ ತಾಮ್ರವೇಕೆ ಮೊಳಗುತ್ತದೆ ಎಂದು ತಡವರಿಸದೆ ಕೇಳುವ ಧೈರ್ಯ ತಿಳಿದ ನುಡಿಯಲ್ಲಿ ಮೊದಲು ಬರುತ್ತದೆ. ಕಂಪ್ಯೂಟರ್ ಕ್ಷೇತ್ರದಲ್ಲಿ ದುಡಿಯುತ್ತಿರುವ ಹಳೆ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ: ವರ್ಷಕ್ಕೊಂದು ದಿನ ಬಂದು, ತಮ್ಮ ಕೆಲಸವನ್ನು ಈ ಮಕ್ಕಳಿಗೆ ಕನ್ನಡದಲ್ಲಿ ವಿವರಿಸಿ.